ಟಾಕೀಜು ಕೆಡವುವ ಮೊದಲು ಹದಿನೈದು ದಿನ ಕೊಡಿ

ಇವರಿಗೆ,
ಮಾನ್ಯ ಆಯುಕ್ತರು, ಕಲಬುರಗಿ ಮಹಾನಗರ ಪಾಲಿಕೆ
ಮಾನ್ಯ ಜಿಲ್ಲಾಧಿಕಾರಿಗಳು, ಕಲಬುರಗಿ
ಹಾಗೂ ನಗರದ ಹಳೆಯ ಟಾಕೀಜುಗಳ ಮಾಲೀಕರು

ವಿಷಯ: ಹಳೆಯ ಚಿತ್ರಮಂದಿರ ಕೆಡವಲು ಪರವಾನಗಿ ಕೊಡುವ ಮೊದಲು ಕಟ್ಟಡ, ಯಂತ್ರ, ಕಾಗದಪತ್ರಗಳ ದಾಖಲೆ ಮಾಡಿಸುವ ಕುರಿತು.

ಮಾನ್ಯರೇ,

ಹಳೆಯ ಟಾಕೀಜು ಬಾಗಿಲು ಹಾಕಿದ ಮೇಲೆ ಮೊದಲು ಒಳಗೆ ಕಾಲಿಡುವವರು ಗುಜರಿಯವರು. ಅವರು ಬಾಲ್ಕನಿ ನೋಡುವುದಿಲ್ಲ, ಗೋಡೆ ನೋಡುವುದಿಲ್ಲ, ಸೀದಾ ಮೆಟ್ಟಿಲು ಹತ್ತಿ ಮಷೀನ್ ರೂಮಿಗೆ ಹೋಗುತ್ತಾರೆ. ಎಸಿ ಕರೆಂಟನ್ನು ಡಿಸಿ ಮಾಡುವ ರೆಕ್ಟಿಫೈಯರಿನ ತಾಮ್ರ, ಪ್ರೊಜೆಕ್ಟರಿನ ಬೀಡು ಕಬ್ಬಿಣ, ಹಿತ್ತಾಳೆಯ ಲೆನ್ಸ್ ಕೊಳವೆ, ಕಿಲೋ ಲೆಕ್ಕದಲ್ಲಿ ಹೆಚ್ಚು ಬೆಲೆ ಬಾಳುವುದೆಲ್ಲ ಅಲ್ಲೇ ಇರುತ್ತದೆ. ಮರುದಿನ ಕುರ್ಚಿಗಳ ಕಬ್ಬಿಣ, ಆಮೇಲೆ ಸಾಗವಾನಿ ಚೌಕಟ್ಟು, ಕೊನೆಗೆ ಛಾವಣಿಯ ಟ್ರಸ್. ಜೆಸಿಬಿ ಬರುವ ಹೊತ್ತಿಗೆ ಉಳಿದಿರುವುದು ಬರೀ ಗೋಡೆ. ಪತ್ರಿಕೆಯ ಫೋಟೊ ತೆಗೆಯುವುದೂ ಆಗಲೇ. ಕಟ್ಟಡದ ಚರಿತ್ರೆ ಎಲ್ಲಿ ದಟ್ಟವಾಗಿತ್ತೋ ಆ ಕೋಣೆ ಮೊದಲ ದಿನವೇ ಲಾರಿ ಹತ್ತಿ ಹೋಗಿರುತ್ತದೆ.

ಕೆಡವಬೇಡಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಟಾಕೀಜು ಖಾಸಗಿ ಆಸ್ತಿ. ದೊಡ್ಡ ಹಾಲಿನಲ್ಲಿ ಮೂವತ್ತು ನಲವತ್ತು ಜನ ಕೂತರೆ ಕರೆಂಟಿನ ಬಿಲ್ಲೂ ಹುಟ್ಟುವುದಿಲ್ಲ ಎಂಬ ಮಾಲೀಕರ ಸಂಕಟ ನಮಗೆ ಅರ್ಥವಾಗುತ್ತದೆ. ನೂರು ವರ್ಷ ತುಂಬದ ಕಾರಣ ಪ್ರಾಚೀನ ಸ್ಮಾರಕಗಳ ಕಾಯ್ದೆಯೂ ಇವನ್ನು ಕಾಯುವುದಿಲ್ಲ. ಹಾಗಾಗಿ ನಾವು ಕೇಳುವುದು ಇಷ್ಟೇ: ಕೆಡವುವ ಪರವಾನಗಿಯಲ್ಲಿ ಒಂದು ಷರತ್ತು ಸೇರಿಸಿ. ಬಾಗಿಲು ಹಾಕಿದ ದಿನ ಹೇಗಿತ್ತೋ ಹಾಗೆಯೇ, ಒಂದು ಮೊಳೆಯನ್ನೂ ಕೀಳದೆ, ಕಟ್ಟಡವನ್ನು ಹದಿನೈದು ದಿನ ದಾಖಲೆಗೆ ಬಿಟ್ಟುಕೊಡಬೇಕು. ಗುಜರಿ ಹರಾಜು ಅದಾದ ಮೇಲೆ.

ಈ ಊರಿನ ಟಾಕೀಜುಗಳ ಚರಿತ್ರೆ ಬೆಂಗಳೂರು, ಮೈಸೂರಿನ ಟಾಕೀಜುಗಳದ್ದರ ಹಾಗಲ್ಲ. 1948ರ ಸೆಪ್ಟೆಂಬರ್‌ವರೆಗೆ ಗುಲ್ಬರ್ಗಾ ನಿಜಾಮರ ಆಳ್ವಿಕೆಯಲ್ಲಿತ್ತು. ಆಮೇಲೆ ಎಂಟು ವರ್ಷ ಹೈದರಾಬಾದ್ ರಾಜ್ಯ, 1956ರ ನವೆಂಬರ್ 1ರಿಂದ ಮೈಸೂರು ರಾಜ್ಯ, 1973ರಲ್ಲಿ ಅದೇ ಕರ್ನಾಟಕ, 2014ರಲ್ಲಿ ಊರಿನ ಹೆಸರು ಕಲಬುರಗಿ. ಹಿಂದಿ ಚಿತ್ರಗಳ ಹಂಚಿಕೆಯಲ್ಲಿ ಈ ಸೀಮೆಗೆ ನಿಜಾಮ್ ಏರಿಯಾ ಎಂಬ ಹೆಸರು ನಿಜಾಮರು ಹೋದ ಮೇಲೂ ಉಳಿಯಿತು. ಕನ್ನಡ ಚಿತ್ರಗಳವರಿಗೆ ಇದೇ ಹೈದರಾಬಾದ್ ಕರ್ನಾಟಕ ಏರಿಯಾ ಆಗಿತ್ತು. ಒಂದೇ ಟಾಕೀಜಿನ ಲೆಕ್ಕದ ಪುಸ್ತಕದಲ್ಲಿ ಎರಡು ನಕಾಶೆ. ಮುಂಬಯಿ ಕಡೆಯ ರೈಲು 1871ರಲ್ಲೇ ಗುಲ್ಬರ್ಗಾ ದಾಟಿ ರಾಯಚೂರು ಮುಟ್ಟಿತ್ತು. ಪ್ರಿಂಟಿನ ಪೆಟ್ಟಿಗೆಗಳು ಇಳಿಯುತ್ತಿದ್ದುದು ಆ ಹಳಿಯ ಮೇಲಿನಿಂದಲೇ. ಪಾರ್ಸಲ್ ರಸೀದಿಯ ಕಟ್ಟು ಸಿಕ್ಕರೆ ಬಿಸಾಡಬೇಡಿ. ಯಾವ ಪ್ರಿಂಟು ಯಾವ ಊರಿಂದ ಬಂತು, ಇಲ್ಲಿಂದ ಯಾವ ಊರಿಗೆ ಹೋಯಿತು ಎಂಬುದು ಅದರಲ್ಲಿ ಮಾತ್ರ ಉಳಿದಿರುತ್ತದೆ.

ಕಾಗದದ ಮಾತು ಬಂದಿದ್ದರಿಂದ ಅದನ್ನೇ ಮೊದಲು ಹೇಳುತ್ತೇವೆ, ಏಕೆಂದರೆ ಹೆಚ್ಚು ತಪ್ಪುಗಳಾಗುವುದು ಇಲ್ಲೇ. ಹಳೆಯ ಪತ್ರದ ತಲೆಯ ಮೇಲೆ ಸರ್ಕಾರ್-ಎ-ಆಸಫಿಯಾ ಮೊಹರು ಇದ್ದರೆ ಅದು ನಿಜಾಮರ ಕಾಲದ್ದು, ಬರಹ ಉರ್ದು, ಇಸವಿ ಫಸಲಿ, ಅಂದರೆ ಕಂದಾಯದ ವರ್ಷದ ಎಣಿಕೆ. ಫಸಲಿಗೆ 590 ಕೂಡಿಸಿದರೆ ಇಸವಿ ಸಿಗುತ್ತದೆ ಎಂದು ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಅದು ಅರ್ಧ ಸರಿ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದ ಆಜೂರ್ ತಿಂಗಳಿಂದ ಶುರು. ಆದ್ದರಿಂದ ಡಿಸೆಂಬರ್ ಕೊನೆಯವರೆಗಿನ ತಾರೀಖಿಗೆ 590, ಜನವರಿಯಿಂದ ಮುಂದಕ್ಕೆ 591 ಕೂಡಿಸಬೇಕು. ಜಾಗೀರು ರದ್ದತಿಯ ಕಾನೂನು 1358 ಫಸಲಿಯದು. ಅದು ಹೊರಬಿದ್ದದ್ದು 1949ರ ಆಗಸ್ಟಿನಲ್ಲಿ. ಲೆಕ್ಕ ಹಾಕಿ ನೋಡಿ. ಇದಕ್ಕಿಂತ ದೊಡ್ಡ ತಪ್ಪು ಫಸಲಿಯನ್ನು ಹಿಜರಿ ಎಂದು ಓದುವುದು. 1358 ಹಿಜರಿ ಎಂದರೆ 1939–40. ಅಂಕಿ ಅದೇ, ಕಟ್ಟಡದ ವಯಸ್ಸು ಮಾತ್ರ ಹತ್ತು ವರ್ಷ ಹೆಚ್ಚಾಯಿತು. ಅಂಕಿಯ ಪಕ್ಕದಲ್ಲಿ ಉರ್ದುವಿನ ‘ಫೆ’ ಅಕ್ಷರವಿದೆಯೋ ‘ಹೆ’ ಇದೆಯೋ ನೋಡಿದರೆ ಸಂಶಯ ತೀರುತ್ತದೆ. ಝೆರಾಕ್ಸಿನಲ್ಲಿ ಈ ಸಣ್ಣ ಅಕ್ಷರವೇ ಅಳಿಸಿಹೋಗುತ್ತದೆ, ಅದಕ್ಕೇ ಮೂಲವನ್ನೇ ಫೋಟೊ ತೆಗೆಯಬೇಕು.

ಹಣದ ಲೆಕ್ಕವೂ ಹಾಗೆ. ಹಾಲಿ ಸಿಕ್ಕಾ ಎಂದು ಬರೆದಿದ್ದರೆ ಅದು ಹೈದರಾಬಾದಿನ ರೂಪಾಯಿ. ಏಳು ಹಾಲಿಗೆ ಸುಮಾರು ಆರು ಕಲ್ದಾರ್, ಅಂದರೆ ಬ್ರಿಟಿಷ್ ಭಾರತದ ರೂಪಾಯಿ. ಟಿಕೆಟಿನ ತುಂಡು ಸಿಕ್ಕರೆ ಇನ್ನೂ ಸುಲಭ. ದರ ಆಣೆಯಲ್ಲಿದ್ದರೆ 1957ರ ಏಪ್ರಿಲ್ 1ಕ್ಕಿಂತ ಹಿಂದಿನದು ಎನ್ನಬಹುದು. ನಯಾ ಪೈಸೆ ಎಂದಿದ್ದರೆ 1957ರಿಂದ 1964ರ ನಡುವಿನದು, ಏಕೆಂದರೆ 1964ರ ಜೂನ್‌ನಲ್ಲಿ ‘ನಯಾ’ ಬಿಟ್ಟುಹೋಯಿತು. ಹಳೆಯ ಟಿಕೆಟ್ ಪುಸ್ತಕವನ್ನು ದರ ತಿದ್ದಿ ಕೆಲವು ದಿನ ನಡೆಸಿರುವುದೂ ಉಂಟು. ರಬ್ಬರ್ ಸ್ಟಾಂಪಿನ ತಿದ್ದುಪಡಿ ಕಂಡರೆ ಆ ಸಂಧಿಕಾಲದ್ದು ಎಂದು ತಿಳಿಯಿರಿ.

ಲೈಸೆನ್ಸಿನ ಕಡತ ಜಿಲ್ಲಾಧಿಕಾರಿಗಳ ಕಚೇರಿಯದು. 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯಡಿ ಪರವಾನಗಿ ಕೊಡುವ ಅಧಿಕಾರ ಅಲ್ಲಿನದೇ. ಕಟ್ಟಡದ ನಕ್ಷೆ, ವಿದ್ಯುತ್ ಪರಿವೀಕ್ಷಕರ ಪ್ರಮಾಣಪತ್ರ, ತರಗತಿವಾರು ಸೀಟಿನ ಸಂಖ್ಯೆ ಆ ಕಡತದಲ್ಲಿ ಇರಬೇಕು. ಸೀಟಿನ ಸಂಖ್ಯೆ ಬದಲಾದ ವರ್ಷವನ್ನು ಗುರುತು ಹಾಕಿಕೊಳ್ಳಿ. ಬೆಂಚು ಹೋಗಿ ಕುರ್ಚಿ ಬಂದದ್ದು, ಬಾಲ್ಕನಿ ಹಿಗ್ಗಿದ್ದು ಬಹುಮಟ್ಟಿಗೆ ಅದೇ ವರ್ಷ. ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಷನ್ನಿನ ವಾರ್ತಾಚಿತ್ರ ಕಡ್ಡಾಯವಾಗಿದ್ದ ಕಾಲದಲ್ಲಿ ವಾರದ ನಿವ್ವಳ ಗಳಿಕೆಯಲ್ಲಿ ನೂರಕ್ಕೊಂದರಷ್ಟು ಬಾಡಿಗೆ ಕಟ್ಟಬೇಕಿತ್ತು. ಆ ರಸೀದಿಗಳಿದ್ದರೆ ಟಾಕೀಜು ಯಾವ ವಾರ ನಡೆಯಿತು, ಯಾವ ವಾರ ನಿಂತಿತ್ತು ಎಂಬುದು ಸಾಲಾಗಿ ತಿಳಿಯುತ್ತದೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಮನರಂಜನಾ ತೆರಿಗೆಯ ವಹಿಗಳು ಯಾರ ಕೆಲಸಕ್ಕೂ ಬಾರದ ಕಾಗದವಾದವು. ದಿನದ ಗಳಿಕೆಯ ಡಿಸಿಆರ್ ಕಟ್ಟುಗಳನ್ನು ತೂಕಕ್ಕೆ ಹಾಕುವ ಮೊದಲು ಒಂದು ಮಾತು ಕೇಳಿ ಎಂದು ಮಾಲೀಕರಲ್ಲಿ ಕೈಮುಗಿದು ಬೇಡುತ್ತೇವೆ.

ಈಗ ಮಷೀನ್ ರೂಮು. ಹದಿನೈದು ದಿನದಲ್ಲಿ ಮೂರು ದಿನ ಈ ಒಂದು ಕೋಣೆಗೆ ಬೇಕು.

ಮೊದಲು ಮುಂದಿನ ಗೋಡೆಯ ಕಿಂಡಿಗಳನ್ನು ಎಣಿಸಿ. ಎರಡು ಪ್ರೊಜೆಕ್ಟರಿನ ಬೆಳಕಿಗೆ ಎರಡು, ಆಪರೇಟರ್ ಕಣ್ಣಿಗೆ ಎರಡು, ಜಾಹೀರಾತಿನ ಸ್ಲೈಡಿಗೆ ಒಂದು. 35 ಮಿ.ಮೀ. ಫಿಲ್ಮಿನಲ್ಲಿ ಅಡಿಗೆ 16 ಫ್ರೇಮು, ಸೆಕೆಂಡಿಗೆ 24 ಓಡಬೇಕು. ಅಂದರೆ 1000 ಅಡಿಯ ರೀಲು ಹನ್ನೊಂದು ನಿಮಿಷಕ್ಕೆ ಮುಗಿಯುತ್ತದೆ, ಎರಡನ್ನು ಅಂಟಿಸಿದರೆ ಇಪ್ಪತ್ತೆರಡು. ಅಷ್ಟರೊಳಗೆ ಪಕ್ಕದ ಯಂತ್ರ ಸಿದ್ಧವಾಗಿರಬೇಕು, ಅದಕ್ಕೇ ಜೋಡಿ ಯಂತ್ರ. ಇಟ್ಟಿಗೆ ತುಂಬಿ ಗಿಲಾವು ಮಾಡಿದ ಹಳೆಯ ಕಿಂಡಿಯ ಅಂಚು ಕಂಡರೆ ಅದರ ಎತ್ತರವನ್ನೂ ಅಳೆಯಿರಿ. ಈಗಿನ ಕಿಂಡಿಗಿಂತ ಮೇಲೋ ಕೆಳಗೋ ಇದ್ದರೆ ಪರದೆಯ ಜಾಗ ಬದಲಾಗಿದೆ ಇಲ್ಲವೆ ಯಂತ್ರದ ಕಟ್ಟೆ ಬದಲಾಗಿದೆ. ಕಿಂಡಿಯ ಮೇಲೆ ತೋಡಿನಲ್ಲಿ ಜಾರುವ ಕಬ್ಬಿಣದ ಮುಚ್ಚಳ, ಅದನ್ನು ಎತ್ತಿ ಹಿಡಿದ ತಂತಿ, ತಂತಿಯ ನಡುವೆ ಬೇಗ ಕರಗುವ ಲೋಹದ ಕೊಂಡಿ ಇದ್ದರೆ ಹಾಗೆಯೇ ಚಿತ್ರಿಸಿಕೊಳ್ಳಿ. ಫಿಲ್ಮಿಗೆ ಬೆಂಕಿ ಬಿದ್ದಾಗ ಕೊಂಡಿ ಕರಗಿ ಮುಚ್ಚಳ ತಾನೇ ಬಿದ್ದು, ಹಾಲಿನ ಜನ ಉಳಿಯಲಿ ಎಂದು ಮಾಡಿದ್ದು ಅದು.

ಕಾರ್ಬನ್ ಕಡ್ಡಿಯ ಕಾಲದ ಗುರುತು ಚಿಮಣಿ. ಎರಡು ಕಡ್ಡಿಗಳ ನಡುವೆ ಡಿಸಿ ಕರೆಂಟು ಹರಿದು ಉರಿಯುವಾಗ ಬರುವ ಹೊಗೆಗೆ ಲ್ಯಾಂಪ್‌ಹೌಸಿನಿಂದ ಛಾವಣಿಗೆ ಕೊಳವೆ ಇರಲೇಬೇಕಿತ್ತು. ಒಳಗೆ ಬೂದಿಯ ಪದರ ಇರುತ್ತದೆ. ಕ್ಸೆನಾನ್ ಲ್ಯಾಂಪು ಬಂದ ಮೇಲೆ ಹಲವೆಡೆ ಅದೇ ಲ್ಯಾಂಪ್‌ಹೌಸಿನೊಳಗೆ ಕಡ್ಡಿಯ ಹಿಡಿಕೆ ಕಿತ್ತು ಬಲ್ಬು ಕೂರಿಸಿದರು. ಹಳೆಯ ಹಿಡಿಕೆಯ ತೂತುಗಳು ಹಾಗೇ ಉಳಿದಿರುತ್ತವೆ. ಯಂತ್ರದ ಮೇಲಿನ ಹೆಸರಿನ ತಗಡು, ವೆಸ್ಟ್ರೆಕ್ಸೋ ಫೋಟೊಫೋನೋ ಇನ್ನಾವುದೋ, ಅದರ ನಂಬರಿನ ಸಮೇತ ಫೋಟೊ ಆಗಬೇಕು. ಗುಜರಿಯವರು ಮೊದಲು ಕೀಳುವುದು ಈ ತಗಡನ್ನೇ.

ಲೆನ್ಸಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಪರದೆ ಹೋಗಿದ್ದರೂ, ಸ್ಟೇಜು ಒಡೆದಿದ್ದರೂ, ಮೂಲ ಪರದೆ ಎಷ್ಟು ಅಗಲವಿತ್ತು ಎಂದು ಲೆನ್ಸು ಹೇಳಿಬಿಡುತ್ತದೆ. ಕಿಂಡಿಯಿಂದ ಪರದೆಯ ಗೋಡೆಗೆ ಇರುವ ದೂರವನ್ನು ಗೇಟಿನ ತಗಡಿನ (ಪ್ರೊಜೆಕ್ಟರಿನಲ್ಲಿ ಫಿಲ್ಮಿನ ಒಂದು ಫ್ರೇಮಿನಷ್ಟೇ ಬೆಳಕು ಹಾಯಿಸುವ ತಗಡು) ತೂತಿನ ಅಗಲದಿಂದ ಗುಣಿಸಿ, ಲೆನ್ಸಿನ ಮೇಲೆ ಕೆತ್ತಿದ ಫೋಕಲ್ ಲೆಂತಿನಿಂದ ಭಾಗಿಸಿ. ದೂರ 100 ಅಡಿ, ಹಳೆಯ ಚೌಕ ಚಿತ್ರದ ಗೇಟು 0.825 ಇಂಚು, ಲೆನ್ಸು 4 ಇಂಚು ಆದರೆ ಪರದೆ ಸುಮಾರು 20 ಅಡಿ ಏಳು ಇಂಚು. ಸಿನಿಮಾಸ್ಕೋಪಿಗೆ ಮುಂದೆ ಇನ್ನೊಂದು ಲೆನ್ಸು ಹಾಕಿ ಅಗಲವನ್ನು ಎರಡು ಪಟ್ಟು ಮಾಡುತ್ತಿದ್ದರು, ಆದ್ದರಿಂದ ಬಂದ ಉತ್ತರವನ್ನು ಎರಡರಿಂದ ಗುಣಿಸಬೇಕು: 0.839 ಇಂಚಿನ ಗೇಟು, 5 ಇಂಚಿನ ಲೆನ್ಸು ಇದ್ದರೆ ಮೂವತ್ತಮೂರೂವರೆ ಅಡಿ. ಪುಸ್ತಕದ ಅಳತೆ ನಂಬಿ ಕೂರಬೇಡಿ, ತಗಡನ್ನೇ ಕ್ಯಾಲಿಪರ್ ಹಿಡಿದು ಅಳೆಯಿರಿ. ಮಷೀನ್ ರೂಮು ಎತ್ತರದಲ್ಲಿದ್ದರೆ ಚಿತ್ರ ಕೆಳಗೆ ಅಗಲವಾಗಿ, ಮೇಲೆ ಕಿರಿದಾಗಿ ಬೀಳುತ್ತದೆ. ಅದನ್ನು ಸರಿದೂಗಿಸಲು ಆಪರೇಟರುಗಳು ತಗಡಿನ ಅಂಚನ್ನು ಅರದಿಂದ ಉಜ್ಜುತ್ತಿದ್ದರು. ಆ ಓರೆ ಆ ಟಾಕೀಜಿನದೇ, ಬೇರೆ ಯಂತ್ರಕ್ಕೆ ಹೊಂದುವುದಿಲ್ಲ. ಅಂಗೈಯಗಲದ ಈ ತಗಡು ಗುಜರಿಯಲ್ಲಿ ಏನೂ ಬೆಲೆ ಬಾಳದು. ನಮ್ಮ ಪಾಲಿಗೆ ಇಡೀ ಕೋಣೆಯಲ್ಲಿ ಅದಕ್ಕಿಂತ ಮುಖ್ಯವಾದ ವಸ್ತು ಇಲ್ಲ.

ಗೋಡೆಗೆ ಸುಣ್ಣ ಬಳಿಯುವ ಮೊದಲು ಟಾರ್ಚನ್ನು ಗೋಡೆಗೆ ತಾಗಿಸಿದ ಹಾಗೆ ಓರೆಯಾಗಿ ಹಿಡಿದು ನೋಡಿ. ಪೆನ್ಸಿಲಿನಲ್ಲಿ ಬರೆದ ಚಿತ್ರದ ಹೆಸರು, ರೀಲಿನ ಲೆಕ್ಕ, ಕಡ್ಡಿಯ ಲೆಕ್ಕ, ಕರೆಂಟು ಹೋದ ಹೊತ್ತು ಏನಿದ್ದರೂ ಕಾಣುತ್ತದೆ. ಗಾಜಿನ ಸ್ಲೈಡುಗಳು ಸಿಕ್ಕರೆ ಅಂಚು ಹಿಡಿದು ಎತ್ತಿ. ಒದ್ದೆ ಬಟ್ಟೆ ತಾಗಿಸಬಾರದು, ಬಣ್ಣ ಕಿತ್ತು ಬರುತ್ತದೆ. ಊರಿನ ಅಂಗಡಿಗಳ ಹೆಸರು, ವಿಳಾಸ ಇಷ್ಟು ಒತ್ತಾಗಿ ಬೇರೆಲ್ಲೂ ಸಿಗುವುದಿಲ್ಲ. ಯಾವ ಅಂಗಡಿ ಕನ್ನಡದಲ್ಲಿ ಬರೆಸಿತು, ಯಾವುದು ಉರ್ದುವಿನಲ್ಲಿ, ಯಾವುದು ಮರಾಠಿಯಲ್ಲಿ ಎಂಬುದೇ ಈ ಊರಿನ ಒಂದು ಚರಿತ್ರೆ.

ಹಾಲಿನೊಳಗೆ ಕಣ್ಣು ನೆಲದ ಮೇಲಿರಲಿ. ಶಹಾಬಾದ್ ಫರಸಿಯಲ್ಲಿ ಬೋಲ್ಟಿನ ತೂತುಗಳು ಎರಡು ಮೂರು ವರಸೆಯಾಗಿ ಇದ್ದರೆ ಒಂದು ಬೆಂಚಿನದು, ಒಂದು ಮೊದಲ ಕುರ್ಚಿಯದು, ಒಂದು ಈಗಿನದು. ಅಡ್ಡಸಾಲಿನಲ್ಲಿ ದೊಡ್ಡ ಕುಳಿಗಳಿದ್ದರೆ ಅಲ್ಲಿ ತರಗತಿಗಳನ್ನು ಬೇರ್ಪಡಿಸುವ ಕಬ್ಬಿಣದ ಕಟಾಂಜನ ಇತ್ತು. ಪ್ರತಿ ತೂತಿಗೂ ಸೀಮೆಸುಣ್ಣದಲ್ಲಿ ವರಸೆಗೊಂದು ಬಣ್ಣ ಹಾಕಿ ಬಾಲ್ಕನಿಯಿಂದ ಫೋಟೊ ತೆಗೆದರೆ ಮೂರು ಕಾಲದ ಆಸನ ವ್ಯವಸ್ಥೆ ಒಂದೇ ಚಿತ್ರದಲ್ಲಿ ಕಾಣುತ್ತದೆ. ಇಳಿಜಾರು ಅಳೆಯಲು ದುಬಾರಿ ಯಂತ್ರ ಬೇಡ, ಗೌಂಡಿಗಳ ನೀರಿನ ಪೈಪೇ ಸಾಕು. ಐದೈದು ಅಡಿಗೆ ಒಂದು ಗುರುತು. ಪೈಪಿನಲ್ಲಿ ಗಾಳಿಯ ಗುಳ್ಳೆ ಉಳಿದರೆ ಅಳತೆ ತಪ್ಪುತ್ತದೆ, ನೀರು ತುಂಬಿದ ಮೇಲೆ ಒಮ್ಮೆ ಎತ್ತಿ ನೋಡಿ.

ನಿಜಾಮರ ಕಾಲದ ಟಾಕೀಜುಗಳಲ್ಲಿ ಪರ್ದಾ ಪಾಲಿಸುವ ಹೆಣ್ಣುಮಕ್ಕಳಿಗೆ ಜನಾನಾ ಭಾಗ ಇರುತ್ತಿತ್ತು. ಬೇರೆ ಮೆಟ್ಟಿಲು, ಬೇರೆ ಟಿಕೆಟ್ ಕಿಟಕಿ, ಬಾಲ್ಕನಿಯ ಪಕ್ಕದಲ್ಲಿ ಪರದೆ ಸರಳಿನ ಕೊಕ್ಕೆ, ಇವು ಮುಂದೆ ಗೋದಾಮೋ ಆಫೀಸೋ ಆಗಿ ಗುರುತು ಸಿಗದಂತಾಗಿರುತ್ತವೆ. ಎಲ್ಲಿಗೂ ಮುಟ್ಟದ ಮೆಟ್ಟಿಲು, ಅರ್ಥವಿಲ್ಲದ ಗೋಡೆ ಕಂಡರೆ ಅಲ್ಲಿ ನಿಂತು ಯೋಚಿಸಿ.

ಮುಂಭಾಗದ ಗಿಲಾವಿನಲ್ಲಿ ಉಬ್ಬಿಸಿ ಬರೆದ ಇಸವಿಯನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ, ಅದು ದುರಸ್ತಿಯ ವರ್ಷವೂ ಆಗಿರಬಹುದು. ಬೇರೆ ಜಿಲ್ಲೆಗಳಲ್ಲಿ ಸಿಮೆಂಟು ಕಂಡರೆ ಕಟ್ಟಡ ಈಚಿನದು ಎನ್ನುತ್ತಾರೆ. ಇಲ್ಲಿ ಆ ಮಾತು ನಡೆಯದು. 1936ರಲ್ಲಿ ಹಲವು ಸಿಮೆಂಟು ಕಂಪನಿಗಳು ಕೂಡಿ ಎಸಿಸಿ ಆಗುವುದಕ್ಕೆ ಮೊದಲೇ ಪಕ್ಕದ ಶಹಾಬಾದಿನಲ್ಲಿ ಸಿಮೆಂಟು ತಯಾರಾಗುತ್ತಿತ್ತು. ಅದರ ಬದಲು ಛಾವಣಿಯ ಕಬ್ಬಿಣದ ತೊಲೆಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಮೇಲೆ ಒತ್ತಿದ ಕಾರ್ಖಾನೆಯ ಹೆಸರು ಓದಿ. ಡಾರ್ಮನ್ ಲಾಂಗ್ ಎಂದಿದ್ದರೆ ಇಂಗ್ಲೆಂಡಿನದು, ಟಿಸ್ಕೊ ಎಂದಿದ್ದರೆ ಜಮಶೇದಪುರದ್ದು. ಭಿಲಾಯಿ ಎಂದಿದ್ದರೆ ಆ ತೊಲೆ 1950ರ ದಶಕದ ಕೊನೆಗಿಂತ ಹಳೆಯದಾಗಿರಲು ಸಾಧ್ಯವಿಲ್ಲ, ಕಟ್ಟಡ ಅದಕ್ಕಿಂತ ಹಳೆಯದಾದರೆ ಛಾವಣಿ ಆಮೇಲೆ ಬದಲಾಗಿದೆ.

ಇನ್ನು ಅಪಾಯದ ಮಾತು. ಇದನ್ನು ಪಾಲಿಕೆಯವರು ಪರವಾನಗಿಯ ಕಾಗದದಲ್ಲೇ ಅಚ್ಚು ಹಾಕಿಸಬೇಕು, ಏಕೆಂದರೆ ಒಳಗೆ ಹೋಗುವವರು ದಿನಗೂಲಿಯವರು, ಅವರಿಗೆ ಇದನ್ನು ಹೇಳುವವರು ಯಾರೂ ಇರುವುದಿಲ್ಲ.

1950ರ ದಶಕದ ಆರಂಭದವರೆಗೆ 35 ಮಿ.ಮೀ. ಫಿಲ್ಮು ಹೆಚ್ಚಾಗಿ ನೈಟ್ರೇಟ್. ರೀಲನ್ನು ಮರಳಿ ಸುತ್ತುವ ರಿವೈಂಡಿಂಗ್ ರೂಮಿನ ಡಬ್ಬಿಗಳಲ್ಲಿ, ಹಲಗೆಯ ಸಂದಿಯಲ್ಲಿ ತುಂಡುಗಳು ಉಳಿದಿರಬಹುದು. ಅಂಚಿನಲ್ಲಿ ‘ನೈಟ್ರೇಟ್’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿರುವುದುಂಟು. ಕೊಳೆತಿದ್ದರೆ ಜಿಗುಟು, ಜೇನಿನ ಬಣ್ಣ, ಕೊನೆಗೆ ಕಂದು ಪುಡಿ. ಹುಳಿ ವಿನೆಗರ್ ವಾಸನೆ ಬಂದರೆ ಅದು ಅಸಿಟೇಟ್ ಎಂಬ ಬೇರೆ ಬಗೆಯ ಫಿಲ್ಮು, ಕೆಡುತ್ತಿದೆ ಅಷ್ಟೇ, ಹಾಗೆ ಹೊತ್ತಿಕೊಳ್ಳುವ ಭಯವಿಲ್ಲ. ಕೊಳೆತ ನೈಟ್ರೇಟ್ ಸುಮಾರು 40 ಡಿಗ್ರಿಯ ಶಾಖದಲ್ಲಿ ದಿನಗಟ್ಟಲೆ ಇದ್ದರೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಕಲಬುರಗಿಯ ಮೇ ತಿಂಗಳಲ್ಲಿ ಹೊರಗೇ 42 ದಾಟುತ್ತದೆ, ತಗಡಿನ ಕೆಳಗಿನ ಕೋಣೆಯ ಮಾತು ಬೇರೆ ಹೇಳಬೇಕಿಲ್ಲ. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುವುದರಿಂದ ಮರಳು ಮುಚ್ಚಿದರೂ ಆರುವುದಿಲ್ಲ, ಹೊಗೆ ವಿಷ. ಕಂಡ ಕೂಡಲೇ ಹೊರಗೆ ಬಂದು ಅಗ್ನಿಶಾಮಕ ಠಾಣೆಗೆ ತಿಳಿಸಬೇಕು. ಗಟ್ಟಿಯಾಗಿ ಉಳಿದ ರೀಲಿದ್ದರೆ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಬರೆಯಿರಿ. ತಾವೇ ಬಸ್ಸಿಗೆ ಹಾಕಿ ಕಳಿಸುವ ವಸ್ತು ಅದಲ್ಲ.

ಕ್ಸೆನಾನ್ ಬಲ್ಬು ತಣ್ಣಗಿದ್ದಾಗಲೂ ಒಳಗೆ ಹಲವು ಪಟ್ಟು ವಾಯುಒತ್ತಡ ಹಿಡಿದಿರುತ್ತದೆ. ಕೈಜಾರಿದರೆ ಗಾಜಿನ ಚೂರು ಗುಂಡಿನ ಹಾಗೆ ಬರುತ್ತದೆ. ಮುಖಗವಸು, ದಪ್ಪ ಕೈಗವಸು ಇಲ್ಲದೆ ಲ್ಯಾಂಪ್‌ಹೌಸ್ ತೆರೆಯಬಾರದು. ಹಳೆಯ ಕೆಲವು ರೆಕ್ಟಿಫೈಯರುಗಳಲ್ಲಿ ಆಕ್ಟೋಪಸ್ಸಿನಂತೆ ತೋಳುಗಳಿರುವ ದೊಡ್ಡ ಗಾಜಿನ ಬುರುಡೆ ಇರುತ್ತದೆ, ಅದರ ತಳದಲ್ಲಿ ಪಾದರಸ. ತಾಮ್ರದ ಆಸೆಗೆ ಅದನ್ನು ಒಡೆದರೆ ಪಾದರಸ ಫರಸಿಯ ಸಂದಿಗೆ ಇಳಿದು ವರ್ಷಗಟ್ಟಲೆ ಆವಿಯಾಗುತ್ತಿರುತ್ತದೆ. ಛಾವಣಿಯ ಸಿಮೆಂಟ್ ಶೀಟು ಆಸ್‌ಬೆಸ್ಟಾಸ್ ಆಗಿದ್ದರೆ ಒಡೆಯದೆ, ನೀರು ಸಿಂಪಡಿಸುತ್ತ, ಜೆ ಹುಕ್ಕುಗಳನ್ನು ಕತ್ತರಿಸಿ ಶೀಟನ್ನು ಇಡಿಯಾಗಿ ಇಳಿಸಬೇಕು. ಮೇಲಿಂದ ಎಸೆಯುವುದೇ ಈಗಿನ ರೂಢಿ. ಅದರ ಧೂಳಿಗೆ ಮುಖಕ್ಕೆ ಕಟ್ಟಿದ ಟವೆಲ್ಲು ಯಾವ ತಡೆಯೂ ಅಲ್ಲ.

ಹದಿನೈದು ದಿನದ ಕೆಲಸಕ್ಕೆ ದೊಡ್ಡ ತಂಡ ಬೇಡ. ಅಳತೆ ಬಲ್ಲ ಒಬ್ಬರು, ಪಿಡಿಎ ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿದ್ಯಾರ್ಥಿಗಳು ನಾಲ್ವರು, ಫೋಟೊಗ್ರಾಫರ್ ಒಬ್ಬರು, ನಿವೃತ್ತ ಆಪರೇಟರ್ ಒಬ್ಬರು, ಉರ್ದು ಓದುವವರು ಒಬ್ಬರು. ಲೆಕ್ಕದ ವಹಿ ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿದ್ದರೆ ಅದನ್ನು ಬಲ್ಲವರು ಇನ್ನೊಬ್ಬರು. ಮೊದಲ ಎರಡು ದಿನ ಏನನ್ನೂ ಮುಟ್ಟದೆ ಫೋಟೊ ಮಾತ್ರ. ಆಮೇಲೆ ಮಷೀನ್ ರೂಮು, ನಂತರ ಹಾಲಿನ ಅಳತೆ, 1:50ರಲ್ಲಿ ನಕ್ಷೆ ಮತ್ತು ಉದ್ದಸೀಳು, ಅಂದರೆ ಕಟ್ಟಡವನ್ನು ಉದ್ದಕ್ಕೆ ಸೀಳಿದಂತೆ ತೋರಿಸುವ ನಕ್ಷೆ. ಉದ್ದಸೀಳು ತಪ್ಪದೆ ಬೇಕು. ಇಳಿಜಾರು, ಬಾಲ್ಕನಿ, ಬೆಳಕಿನ ಕೋನ ಮೂರೂ ಅದರಲ್ಲೇ ಕಾಣುವುದು. ಕಾಗದಪತ್ರಕ್ಕೆ ನಾಲ್ಕು ದಿನ ಹಿಡಿಯಿರಿ.

ಎಲ್ಲವನ್ನೂ ಉಳಿಸಲಾಗದು ಎಂದು ನಮಗೂ ಗೊತ್ತು. ಒಂದು ಪ್ರೊಜೆಕ್ಟರು ಅದರ ಪೀಠ, ಲೆನ್ಸು, ಗೇಟಿನ ತಗಡಿನ ಸಮೇತ, ಪ್ರತಿ ತರಗತಿಯ ಒಂದು ಸಾಲು ಕುರ್ಚಿ, ಹೆಸರಿನ ಅಕ್ಷರಗಳು, ಸ್ಲೈಡುಗಳು, ಸಿಕ್ಕಷ್ಟೂ ಕಾಗದ. ಒಂದು ಸಣ್ಣ ಕೋಣೆಗೆ ಹಿಡಿಸುತ್ತದೆ. ನಗರದ ಸರ್ಕಾರಿ ವಸ್ತುಸಂಗ್ರಹಾಲಯದಲ್ಲೋ ಗುಲಬರ್ಗಾ ವಿಶ್ವವಿದ್ಯಾಲಯದಲ್ಲೋ ಜಾಗ ಕೇಳಬಹುದು. ಮಾಲೀಕರಿಗೆ ನಷ್ಟವಾಗದಂತೆ ಈ ವಸ್ತುಗಳನ್ನು ಗುಜರಿಯವರು ಕೊಡುವ ತೂಕದ ದರಕ್ಕೇ ಪಾಲಿಕೆ ಕೊಂಡುಕೊಳ್ಳಲಿ.

ಈಗಾಗಲೇ ಬಾಗಿಲು ಹಾಕಿರುವ ಟಾಕೀಜುಗಳಿಗೆ ಕೆಡವುವ ಅರ್ಜಿ ಬರುವವರೆಗೆ ಕಾಯುವ ಹಾಗಿಲ್ಲ. ಬಿಸಿಲು ಏರುವ ಮೊದಲು, ಮಾರ್ಚ್ ಒಳಗೆ, ಅವುಗಳ ರಿವೈಂಡಿಂಗ್ ರೂಮನ್ನು ಅಗ್ನಿಶಾಮಕ ಸಿಬ್ಬಂದಿಯ ಎದುರಿಗೆ ಒಮ್ಮೆ ತೆರೆದು ನೋಡಬೇಕು. ಬೀಗದ ಕೈ ಯಾರ ಬಳಿ ಇದೆ ಎಂದು ವಾರ್ಡುವಾರು ಒಂದು ಪಟ್ಟಿ ಮಾಡಿಸಿ. ಆ ಪಟ್ಟಿ ಆದ ದಿನದಿಂದ ಜೊತೆಗೆ ಬಂದು ನಿಲ್ಲಲು ನಾವು ಸಿದ್ಧರಿದ್ದೇವೆ.

ತಮ್ಮ ವಿಶ್ವಾಸಿಗಳು,
ಹಳೆಯ ಟಾಕೀಜುಗಳ ಯಂತ್ರ, ಕಟ್ಟಡ, ಕಾಗದಪತ್ರಗಳ ಕೆಲಸ ಬಲ್ಲ ಕಲಬುರಗಿಯ ಕೆಲವರು